ಕೆಂಚಿಯ ಮ್ಯಾಟರು

ಟಿಕ್.

ಗುರುಸಿದ್ದಮ್ಮ ಕಣ್ಣು ಬಿಟ್ಟಳು. ಕಂಬಳಿಯೊಳಗೇ ಉಸಿರು ಹಿಡಿದು ಕಿವಿಗೊಟ್ಟಳು. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಸಲ, ಟಿಕ್. ಸೀಸದ ಅಚ್ಚುಮೊಳೆ ಮರದ ಖಾನೆಗೆ ಬೀಳುವ ಸದ್ದು. ಮದುವೆಯಾಗಿ ಮಡಿಕೇರಿಗೆ ಬಂದಂದಿನಿಂದ ಅಚ್ಚುಕೂಟದ ಹಿಂದಿನ ಕೋಣೆಯಲ್ಲೇ ಮಲಗಿದವಳು ಅವಳು. ಅದನ್ನು ಇಲಿಯ ಸದ್ದೆಂದು ತಪ್ಪು ತಿಳಿಯುವಂತಿರಲಿಲ್ಲ. ಮೊಳೆ ಜೋಡಿಸುವ ಕಂಪೋಸಿಟರ್ ಮಾಯಿಲಪ್ಪ ಅಚ್ಚಾಗಿ ಮುಗಿದ ಪುಟ ಬಿಚ್ಚಿ ಮೊಳೆಗಳನ್ನು ಕೇಸಿನ ಖಾನೆಗಳಿಗೆ ಹಿಂದಕ್ಕೆ ಹಾಕುವಾಗ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಬಿಡುವಿಲ್ಲದೆ ಕೇಳುತ್ತಿತ್ತು. ಇದು ಹಾಗಿರಲಿಲ್ಲ. ಒಂದೊಂದು ಅಕ್ಷರಕ್ಕೂ ಅದರ ಖಾನೆ ಯಾವುದೆಂದು ಹುಡುಕುವ ಕೈ ಇದು.

ಪಕ್ಕಕ್ಕೆ ಕೈ ಚಾಚಿದಳು. ಗಂಡನ ಹಾಸಿಗೆ ತಣ್ಣಗಿತ್ತು.

ಬಾಗಿಲ ಸಂದಿಯಿಂದ ನೋಡಿದಳು. ಪುಟ ಕಟ್ಟುವ ಕಲ್ಲಿನ ಮೇಜಿನ ಮೇಲೆ ಲಾಟೀನು ಉರಿಯುತ್ತಿತ್ತು. 'ಗಿರಿವಾರ್ತೆ' ವಾರಪತ್ರಿಕೆಯ ಸಂಪಾದಕ, ಹಿಂದಿನ ಚುನಾವಣೆಯಿಂದ ಕೊಡಗಿನ ಶಾಸನ ಕೌನ್ಸಿಲಿನ ಮೆಂಬರೂ ಆದ ಕರಿಬಸಪ್ಪ ಅಂಗಿಯ ತೋಳು ಮಡಚಿ ನಿಂತಿದ್ದ. ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿದ್ದ ಮೊದಲ ಪುಟದ ಬೆಣೆಗಳನ್ನು ಸಡಿಲಿಸಿ, ಅದರಲ್ಲಿ ಮೊಳೆ ಜೋಡಿಸಿಟ್ಟಿದ್ದ ಎರಡು ಕಾಲಮಿನ ಮ್ಯಾಟರನ್ನು ಸಾಲುಸಾಲಾಗಿ ಕಿತ್ತು ಕೇಸಿಗೆ ಹಾಕುತ್ತಿದ್ದ. ಅದು ಕೆಂಚಿಯ ಮ್ಯಾಟರು. ಒಂದು ಮೊಳೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನೂ ಹಾಕಿದ.

ಒಳಗೆ ಹೋಗಿ ಅವನ ಕೈ ಹಿಡಿಯಬಹುದಾಗಿತ್ತು. ಹೋಗಲಿಲ್ಲ. ಹೋದರೆ ಅವನು ಏನಾದರೂ ಹೇಳುತ್ತಾನೆ, ಹೇಳಿದ್ದನ್ನು ತಾನು ನಂಬಬೇಕಾಗುತ್ತದೆ ಎಂಬ ಅಂಜಿಕೆ ಅವಳನ್ನು ಬಾಗಿಲ ಹಿಂದೆಯೇ ನಿಲ್ಲಿಸಿತು. ಅವನು ಲಾಟೀನು ಆರಿಸುವ ಮುಂಚೆ ಬಂದು ಮಲಗಿ, ನಿದ್ದೆ ಬಂದವಳಂತೆ ಗೋಡೆಯ ಕಡೆ ತಿರುಗಿದಳು.

ಕೆಂಚಿ ಬಂದದ್ದು ಆ ವಾರದ ಮೊದಲಲ್ಲಿ. ಮೂರ್ನಾಡಿನ ಆಚೆಯ ಕಲ್ಲುಗುಡ್ಡೆ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸು, ಪಿರಿಯಾಪಟ್ಟಣದ ಕಡೆಯವಳು. ಮಂಜು ಬಿಡುವ ಮೊದಲೇ ನಡೆದು ಬಂದು ಅಚ್ಚುಕೂಟದ ಮೆಟ್ಟಿಲ ಮೇಲೆ ಕೂತಿದ್ದಳು. ಪಿಕ್ಕಿಂಗಿನ ಕಾಲದಲ್ಲಿ ಆಳುಗಳು ಬಿಟ್ಟು ಓಡದಿರಲಿ ಎಂದು ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ರಾತ್ರಿ ಆಳುಗಳಿರುವ ಲೈನಿನ ಕೋಣೆಗಳಿಗೆಲ್ಲ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಹಾಗೆ ಬೀಗ ಹಾಕಿದ ಒಂದು ರಾತ್ರಿ ಕೆಂಚಿಯ ದೊಡ್ಡ ಮಗಳು ಮುದ್ದಿಗೆ ಹೆರಿಗೆನೋವು ಬಂದಿತ್ತು.

"ಹೊತ್ತಾರೆ ಕೊಂಬು ಊದೋಗಂಟ ತೆಗೀನಿಲ್ಲ ಬುದ್ದಿ," ಎಂದಿದ್ದಳು ಕೆಂಚಿ, ಕರಿಬಸಪ್ಪನ ಮುಂದೆ ನೆಲದ ಮೇಲೆ ಕೂತು. "ಬಾಗ್ಲು ಬಡ್ದು ಬಡ್ದು ನನ್ ಕೈಯೆಲ್ಲ ಊದ್ಕತ್ತು. ಸೂಲಗಿತ್ತಿ ಆಚೆ ಕೋಣೇಲೇ ಅವ್ಳೆ. ನಾ ಕೂಗಿದ್ದು ಅವ್ಳಿಗೆ ಕೇಳ್ತು, ಅವ್ಳು ಕೂಗಿದ್ದು ನಂಗೆ ಕೇಳ್ತು. ಅವ್ಳ ಬಾಗ್ಲಿಗೂ ಬೀಗ."

ಕರಿಬಸಪ್ಪ ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದ್ದ.

"ಮುದ್ದಿ ಹೋದ್ಲು, ಅವ್ಳ ಮಗಾನೂ ಹೋಯ್ತು. ಅದ್ ಬುಡಿ. ಇವಾಗ ಚಿಕ್ಕೋಳು ಚಿನ್ನಂಗೂ ದಿನ ತುಂಬ್ತಾ ಅದೆ. ಸಂಕ್ರಾಂತಿ ಕಳೀಲಿ ಅಂತ ದೇವ್ರಿಗೆ ಕೈ ಮುಗೀತಾ ಇವ್ನಿ. ಆ ಬೀಗ ಒಂದ್ ತೆಗ್ಸ್ ಕೊಡಿ ಬುದ್ದಿ. ನಂಗೆ ಇನ್ನೇನೂ ಬ್ಯಾಡ."

ಅವನು ಆ ದಿನವೇ ಕೂತು ಬರೆದ. ಮೆಂಬರಾಗುವ ಮೊದಲಿನ ಕರಿಬಸಪ್ಪ ಬರೆದಂತೆ ಬರೆದ. ಒಂದು ಮಾತೂ ಹೆಚ್ಚಿಲ್ಲ, ಬೈಗುಳವಿಲ್ಲ, ಅಳುವಿಲ್ಲ. 'ಗಿರಿವಾರ್ತೆ'ಯಲ್ಲಿ ಒಂದು ಪದ್ಧತಿ ಇತ್ತು. ಲೈನಿನಿಂದ ಯಾರೇ ಸುದ್ದಿ ತಂದರೂ, ಮೊಳೆ ಜೋಡಿಸಿದ ಮೇಲೆ ಅವರನ್ನು ಕರೆದು ಪ್ರೂಫನ್ನು ಗಟ್ಟಿಯಾಗಿ ಓದಿ ಹೇಳಬೇಕು. ನಾನು ಹೇಳಿದ್ದು ಇದೇ ಎಂದು ಅವರು ಒಪ್ಪಿದ ಹೊರತು ಅಚ್ಚಿಲ್ಲ. ಅಕ್ಷರ ಬಾರದವರ ಮಾತಿಗೆ ಇದೇ ರುಜು ಎನ್ನುತ್ತಿದ್ದ ಅವನು. ಕೆಂಚಿಗೆ ಓದಿ ಹೇಳಿದವಳು ಗುರುಸಿದ್ದಮ್ಮನೇ. ಓದಿ ಮುಗಿದ ಮೇಲೆ ಕೆಂಚಿ ಕಲ್ಲಿನ ಮೇಲಿದ್ದ ಪುಟದ ಹತ್ತಿರ ಬಂದು, "ಇದ್ರಲ್ಲಿ ನನ್ ಮುದ್ದಿ ಯಾವ್ದು?" ಎಂದು ಕೇಳಿದ್ದಳು. ಮಾಯಿಲಪ್ಪ ತೋರಿಸಿದ. ಆ ಜಾಗವನ್ನು ಕೆಂಚಿ ಒಂದು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಮಸಿ ಹತ್ತಿತು. ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಬೇಡವೆಂದಳು. ಗುರುವಾರ ಬಂದು ಪೇಪರು ತೆಗೆದುಕೊಂಡು ಹೋಗುತ್ತೇನೆ, ಲೈನಿನಲ್ಲಿ ಓದು ಬಲ್ಲ ಒಬ್ಬನಿದ್ದಾನೆ ಎಂದು ಹೇಳಿ ಹೋದಳು.

ಗುರುಸಿದ್ದಮ್ಮನಿಗೆ ಮೊಳೆ ಜೋಡಿಸುವುದನ್ನು ಕಲಿಸಿದವನು ಮಾಯಿಲಪ್ಪ. ಪತ್ರಿಕೆಯ ಮೊದಲ ದಿನಗಳಲ್ಲಿ ಆಳಿಡುವ ಶಕ್ತಿ ಇರಲಿಲ್ಲ. ಶನಿವಾರಸಂತೆಯ ಏಲಕ್ಕಿ ವ್ಯಾಪಾರದ ಮನೆತನದ ಸೊಸೆ ಕೈಗೆ ಮಸಿ ಬಳಿದುಕೊಂಡು ಅಚ್ಚುಕೂಟದಲ್ಲಿ ನಿಲ್ಲುತ್ತಾಳಂತೆ ಎಂದು ನೆಂಟರೆಲ್ಲ ಆಡಿಕೊಂಡಿದ್ದರು. ಅವಳಿಗೆ ಅದು ತಾಗಿರಲಿಲ್ಲ. ಗಂಡ ಬರೆದ ವಾಕ್ಯ ತನ್ನ ಬೆರಳುಗಳ ನಡುವೆ ಅಕ್ಷರ ಅಕ್ಷರವಾಗಿ ಗಟ್ಟಿಯಾಗುವುದನ್ನು ನೋಡುತ್ತ ಅವನನ್ನು ಪ್ರೀತಿಸಲು ಕಲಿತವಳು ಅವಳು.

ಆ ದಿನಗಳಲ್ಲಿ ಅವನು ಒಬ್ಬ ಅಮೆರಿಕದವನ ಜೀವನಚರಿತ್ರೆಯನ್ನು ವಾರವಾರ ಕನ್ನಡದಲ್ಲಿ ಬರೆಯುತ್ತಿದ್ದ. ಸ್ವದೇಶಕ್ಕೆ ಹೊರಟ ಪ್ಲಾಂಟರೊಬ್ಬನ ಬಂಗಲೆಯ ಸಾಮಾನು ಹರಾಜಾದಾಗ ಸಿಕ್ಕ ಹಳೆಯ ಪುಸ್ತಕ. ಹೋದ ಶತಮಾನದಲ್ಲಿ ಅಲ್ಲಿನ ಒಂದು ಸಣ್ಣ ಊರಿನಲ್ಲಿ ಪತ್ರಿಕೆ ನಡೆಸುತ್ತಿದ್ದವನು. ಗುಲಾಮರ ಪರವಾಗಿ ಬರೆದನೆಂದು ಊರವರು ಅವನ ಯಂತ್ರವನ್ನು ಹೊಳೆಗೆ ತಳ್ಳಿದರೆ ಇನ್ನೊಂದನ್ನು ತರಿಸಿ ಮರುವಾರವೇ ಪತ್ರಿಕೆ ಹೊರಡಿಸಿದವನು. ಆಮೇಲೆ ಅಲ್ಲಿನ ಶಾಸನಸಭೆಗೆ ಹೋದವನು. ಅವನ ಉದ್ದದ ಹೆಸರು ಕಾಲಮಿನ ಒಂದು ಸಾಲನ್ನೇ ತಿನ್ನುತ್ತದೆಂದು ಮಾಯಿಲಪ್ಪ ಗೊಣಗುತ್ತಿದ್ದ. ಮಡಿಕೇರಿಯಲ್ಲಿ ಓದುವವರು "ಅಮೆರಿಕದ ಎಡಿಟರು ಈ ವಾರ ಏನು ಮಾಡಿದರಂತೆ?" ಎಂದು ಬೀದಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದರು.

ಅಮೆರಿಕದವನು ಚುನಾವಣೆಗೆ ನಿಂತ ಹೊತ್ತಿಗೆ ಸರಿಯಾಗಿ ಕೊಡಗಿನಲ್ಲೂ ಕೌನ್ಸಿಲ್ ಚುನಾವಣೆ ಬಂತು. ವಂಶಪಾರಂಪರ್ಯದ ಜಮ್ಮಾ ಭೂಮಿ ಇಲ್ಲದವರ ಕ್ಷೇತ್ರದಿಂದ ಕರಿಬಸಪ್ಪ ನಿಂತ, ಗೆದ್ದ. ಚರಿತ್ರೆ ಅಲ್ಲಿಗೆ ನಿಂತುಹೋಯಿತು.

"ಸಭೆಗೆ ಹೋದ್ಮೇಲೆ ಅವನು ಏನಾದ?" ಎಂದು ಒಂದು ದಿನ ಗುರುಸಿದ್ದಮ್ಮ ಕೇಳಿದ್ದಳು.

"ಆಮೇಲೆಲ್ಲ ಬರೀ ಭಾಷಣ ಕಣೆ. ಓದೋರಿಗೆ ಬೇಜಾರು," ಎಂದಿದ್ದ.

ಇಂಗ್ಲಿಷು ಬಾರದಿದ್ದರೂ, ಕಪಾಟಿನ ಧೂಳು ಹೊಡೆಯುವಾಗ ಅವಳು ಆ ಪುಸ್ತಕ ಬಿಡಿಸಿ ನೋಡಿದ್ದಳು. ಹಾಳೆಗಳ ಅಂಚು ಕೂಡಿಕೊಂಡೇ ಇದ್ದ ಹಳೆಯ ಕಾಲದ ಪುಸ್ತಕ. ಓದುತ್ತ ಹೋದಂತೆ ಚಾಕುವಿನಿಂದ ಸೀಳಿಕೊಳ್ಳಬೇಕು. ಕೊನೆಯ ಭಾಗದ ಹಾಳೆಗಳನ್ನು ಯಾರೂ ಸೀಳಿರಲಿಲ್ಲ.

ಗೆದ್ದ ಮೇಲೆ ಕರಿಬಸಪ್ಪ ಕೆಟ್ಟವನೇನೂ ಆಗಲಿಲ್ಲ. ಅದೇ ಅವಳಿಗೆ ಹೇಳಿಕೊಳ್ಳಲಾಗದ ಸಂಕಟ. ಉತ್ತರದ ಹೋಬಳಿಗಳಲ್ಲಿ ಬಾಣಂತಿಯರು ಸಾಯುವುದನ್ನು ನೋಡಿ ಬೆಳೆದವನು, ಶನಿವಾರಸಂತೆಗೆ ಒಂದು ಹೆರಿಗೆ ಆಸ್ಪತ್ರೆ ತರಬೇಕೆಂದು ಕೂತಲ್ಲಿ ನಿಂತಲ್ಲಿ ಅದನ್ನೇ ಮಾತಾಡುತ್ತಿದ್ದ. ಆ ಠರಾವು ಮುಂದಿನ ಸೋಮವಾರ ಕೌನ್ಸಿಲಿಗೆ ಬರುವುದಿತ್ತು.

ಕೆಂಚಿಯ ಪುಟ ಕಟ್ಟಿ ಮುಗಿದ ಸಂಜೆ ಬೋಜಪ್ಪ ಬಂದಿದ್ದ. ಅವನೂ ಕೌನ್ಸಿಲಿನವನೇ, ನಾಪೋಕ್ಲು ಕಡೆಯ ತೋಟಗಾರ, ನಗುಮುಖದವನು.

"ಅಕ್ಕ, ಕಾಫಿ ಜೋರುಂಟು. ಈ ಕಾಫಿಗಾಗಿ ದಿನಾ ಬರ್ಬಹುದು," ಎಂದ. ಆಮೇಲೆ ಕರಿಬಸಪ್ಪನ ಕಡೆ ತಿರುಗಿ, "ಕಲ್ಲುಗುಡ್ಡೆಯ ಹೆಂಗಸು ನಿಮ್ಮ ಮೆಟ್ಟಿಲು ಹತ್ತಿದ್ದು ಮೂರ್ನಾಡು ಸಂತೆಗೆಲ್ಲ ಗೊತ್ತು ಮಾರಾಯ್ರೆ," ಎಂದ.

"ಗೊತ್ತಾಗಲಿ. ಗುರುವಾರ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ."

"ಬರೀಬೇಡಿ ಅಂತ ಹೇಳ್ಲಿಕ್ಕೆ ಬಂದವ ನಾನಲ್ಲ. ನೀವು ಎಡಿಟರು, ನಾನು ಕಾಫಿ ಕುಡಿಯುವವ. ಆದ್ರೆ ಲೆಕ್ಕ ನಿಮಗೂ ಗೊತ್ತುಂಟಲ್ಲ. ತೋಟದ ಬಿಳಿ ದೊರೆಗಳ ಕಡೆಯವರು ಕೈ ಎತ್ತಿದ್ರೆ ಸೋಮವಾರ ನಿಮ್ಮ ಆಸ್ಪತ್ರೆ ಆಯ್ತು. ಎತ್ತದಿದ್ರೆ ಇನ್ನು ಎಷ್ಟು ವರ್ಷಕ್ಕೋ. ಒಂದು ವಾರ ತಡೆದ್ರೆ ಆ ಸುದ್ದಿ ಹಳಸ್ತದಾ?"

ಕರಿಬಸಪ್ಪ ಉತ್ತರ ಕೊಟ್ಟದ್ದು ಅಡುಗೆಮನೆಗೆ ಕೇಳಿಸಲಿಲ್ಲ. ಬೋಜಪ್ಪ ಹೋದ ಮೇಲೂ ಅವನು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದ. ಆ ರಾತ್ರಿಯೇ ಅವನು ಎದ್ದು ಹೋದದ್ದು.

ಬೆಳಿಗ್ಗೆ ಮಾಯಿಲಪ್ಪ ಬಂದಾಗ ಪುಟದಲ್ಲಿ ಎರಡು ಕಾಲಂ ಖಾಲಿ.

"ರಾತ್ರಿ ಏನೋ ಸದ್ದಾಯ್ತು, ಎದ್ದು ಬಂದೆ," ಎಂದ ಕರಿಬಸಪ್ಪ, ಕೈಯಲ್ಲಿದ್ದ ಕಾಗದದಿಂದ ತಲೆ ಎತ್ತದೆ. "ಪುಟ ಒಂದು ಕಡೆ ಜಾರಿ ಮ್ಯಾಟರು ಕೆಳಗೆ ಸುರಿದಿತ್ತು. ಸಿಕ್ಕಿದ್ದನ್ನ ಎತ್ತಿ ಕೇಸಿಗೆ ಹಾಕಿದೀನಿ. ಇವತ್ತು ಮತ್ತೆ ಜೋಡಿಸೋಕೆ ಹೊತ್ತಿಲ್ಲ. ಸೋಪಿನ ಜಾಹೀರಾತು ಹಾಕು."

"ಸುರಿದಿತ್ತಾ ಧಣಿ?" ಮಾಯಿಲಪ್ಪ ಕಲ್ಲಿನ ಹತ್ತಿರ ಹೋದ. ಮರದ ಬೆಣೆಯೊಂದನ್ನು ಎತ್ತಿ ನೋಡಿದ, ಇಟ್ಟ. "ನಾನು ಬೆಣೆ ಬಡಿದೇ ಹೋಗಿದ್ದೆ ಅಲ್ಲ?" ಆ ಪ್ರಶ್ನೆ ಯಾರಿಗೆ ಕೇಳಿದ್ದೋ ಗೊತ್ತಾಗಲಿಲ್ಲ. ಈಚೆಗೆ ಅವನ ಬಲಗೈ ಸ್ವಲ್ಪ ನಡುಗುತ್ತಿತ್ತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತ.

ಊಟಕ್ಕೆ ಕೂತಾಗ ಗುರುಸಿದ್ದಮ್ಮ ಮೆಲ್ಲಗೆ ಮಾತು ತೆಗೆದಳು. "ಆ ಮ್ಯಾಟರು ನಂಗೆ ಬಾಯಿಗೆ ಬರುತ್ತೆ. ನಾನೇ ಕೂತು ಜೋಡಿಸ್ತೀನಿ. ಪೇಪರು ಸಂಜೆಗೆ ಹೊರಟ್ರೂ ನಡೆಯುತ್ತೆ."

"ಮುಂದಿನ ವಾರ ಹಾಕಿದ್ರಾಯ್ತು."

"ಆ ಹುಡುಗಿಗೆ ದಿನ ತುಂಬ್ತಾ ಇದೆ ಅಂದ್ಳಲ್ಲ."

"ಸಂಕ್ರಾಂತಿ ಆದ್ಮೇಲೆ ಅಂದ್ಲು. ಸೋಮವಾರ ಠರಾವಿನ ಮೇಲೆ ಮಾತಾಡುವಾಗ ಬೀಗದ ವಿಷಯಾನೂ ಎತ್ತೀನಿ ಕಣೆ. ಪೇಪರಲ್ಲಿ ಬರೆದ್ರೆ ದೊರೆ ಓದ್ತಾನಾ? ಎದುರಿಗೆ ನಿಂತು ಹೇಳಿದ್ರೆ ಕೇಳ್ಲೇಬೇಕು."

ಅವಳು ಅರ್ಧ ನಂಬಿದಳು. ಅರ್ಧ ನಂಬುವುದಕ್ಕೆ ತನಗೆ ಆಸೆಯಿತ್ತೆಂದು ಆಗಲೇ ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಮಾಯಿಲಪ್ಪ ಹೊರಗೆ ಹೋಗಿದ್ದಾಗ ಮೊಳೆ ಜೋಡಿಸುವ ಸ್ಟಿಕ್ಕನ್ನು ಎಡಗೈಗೆ ತೆಗೆದುಕೊಂಡು ಕೇಸಿನ ಮುಂದೆ ನಿಂತಳು. ಮೊದಲ ಸಾಲು ತಾನಾಗಿ ನಾಲಗೆಗೆ ಬಂತು. ಒಳಗಿನಿಂದ ಗಂಡ ಸೋಮವಾರದ ಭಾಷಣವನ್ನು ತನಗೆ ತಾನೇ ಓದಿಕೊಳ್ಳುವುದು ಕೇಳುತ್ತಿತ್ತು. ಅವಳು ಸ್ಟಿಕ್ಕನ್ನು ಇದ್ದಲ್ಲೇ ಇಟ್ಟು ಒಳಗೆ ಹೋದಳು.

ಪೇಪರಿಗೆಂದು ಕೆಂಚಿ ಬಂದಾಗ ಎದುರು ಹೋದವನು ಮಾಯಿಲಪ್ಪ. ನನ್ನ ಕೈ ತಪ್ಪಿತು, ಪುಟ ಬಿದ್ದುಹೋಯಿತು, ಮುಂದಿನ ವಾರ ಖಂಡಿತ ಬರುತ್ತದೆ ಎಂದ. ಕೆಂಚಿ ಅವನ ಮುಖ ನೋಡಿ, "ವಯಸ್ಸಾದ ಕೈ, ಬುಡಿ ಅಣ್ಣೋ," ಎಂದಳು. ಬಂದ ದಾರಿಯಲ್ಲೇ ಹೊರಟಳು. ಕೊಂಬು ಊದಿ ಬೀಗ ಹಾಕುವ ಮೊದಲು ಲೈನಿಗೆ ಸೇರಬೇಕಾಗಿತ್ತು.

ಸೋಮವಾರ ಠರಾವು ಪಾಸಾಯಿತು. ಕರಿಬಸಪ್ಪ ಮನೆಗೆ ಬಂದು ರುಮಾಲು ತೆಗೆಯುವ ಮೊದಲೇ ಹೇಳಿದ: "ಎಲ್ರೂ ಕೈ ಎತ್ತಿದ್ರು ಗುರುಸಿದ್ದಿ. ಒಬ್ರೂ ಬಿಡ್ಲಿಲ್ಲ." ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. ಅವಳು ಸಂತೋಷಪಡಲು ಕಾದಳು.

"ಬೀಗದ ಮಾತು?"

"ಇವತ್ತು ಅದಕ್ಕೆ ಸಂದರ್ಭ ಇರ್ಲಿಲ್ಲ," ಎಂದು ರುಮಾಲನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ.

ಆ ವಾರದ ಮೊದಲ ಪುಟಕ್ಕೆ ಕೆಂಚಿಯ ಮ್ಯಾಟರಿನ ಬದಲು ಅವನ ಭಾಷಣ ಬಂತು. ಮಾಯಿಲಪ್ಪ ಬೆಣೆಗಳನ್ನು ಬಡಿದದ್ದನ್ನೇ ಮತ್ತೆ ಮತ್ತೆ ಬಡಿದ. ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಇನ್ನೊಮ್ಮೆ ಮುಟ್ಟಿ ನೋಡಿ ಹೋದ.

ಪೇಪರು ಅಚ್ಚಾಗುತ್ತಿದ್ದ ದಿನ ಕೆಂಚಿ ಬಂದಳು. ಪೇಪರು ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಯಾರಾದರೂ ಕೇಳುವ ಮೊದಲೇ ಹೇಳಿದಳು.

"ಚಿನ್ನ ಬದ್ಕವ್ಳೆ. ಮಗ ಉಳೀನಿಲ್ಲ."

ಯಂತ್ರ ತುಳಿಯುತ್ತಿದ್ದ ಮಾಯಿಲಪ್ಪನ ಕಾಲು ನಿಂತಿತು. ಗುರುಸಿದ್ದಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸಂಕ್ರಾಂತಿ ಗಂಟ ತಡೀತದೆ ಅಂದ್ಕಂಡಿದ್ದೆ. ತಡೀನಿಲ್ಲ. ಮೊನ್ನೆ ರಾತ್ರಿ. ಕಾಲು ಮುಂದಾಗಿ ಬತ್ತು. ನಂಗೆ ತಿರುಗ್ಸಾಕೆ ಬರಾಕಿಲ್ಲ. ಸೂಲಗಿತ್ತಿ ಗ್ವಾಡೆ ಆಚೆಯಿಂದ ಹಿಂಗ್ ಮಾಡು, ಹಂಗ್ ಮಾಡು ಅಂತ ಕೂಗಿ ಕೂಗಿ ಹೇಳ್ತಿದ್ಲು. ಮಾಡ್ದೆ. ಕತ್ಲು. ಕಾಣ್ನಿಲ್ಲ." ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚುತ್ತ ಹೇಳಿದಳು, "ಗಂಡು."

ಮಾಯಿಲಪ್ಪ ಯಂತ್ರದ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತ. ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದ.

"ಈ ಕೈ," ಎಂದ. "ಆ ದಿನ ಪೇಪರು ಬಂದಿದ್ರೆ ಬೀಗ ತೆಗಿತಿದ್ರು. ಈ ಕೈಯಿಂದ ಹೋಯ್ತು ಆ ಮಗು."

"ಹಂಗನ್ಬ್ಯಾಡಿ ಅಣ್ಣೋ," ಎಂದಳು ಕೆಂಚಿ. ಅವಳ ದನಿಯಲ್ಲಿ ಅಲ್ಲವೆನ್ನುವ ಬಲವಿರಲಿಲ್ಲ.

ಅವನು ಗುರುಸಿದ್ದಮ್ಮನ ಕಡೆ ತಿರುಗಿದ. "ಅಮ್ಮ, ನಿಮಗೆ ಒಂದು ಕೇಳ್ಬೇಕು ಅಂತ ಎಂಟು ದಿನದಿಂದ ಒದ್ದಾಡ್ತಾ ಇದ್ದೇನೆ. ನಿಮ್ಮದು ಹಗೂರ ನಿದ್ದೆ. ಆ ರಾತ್ರಿ ಪುಟ ಬಿದ್ದದ್ದು ನಿಮಗೆ ಕೇಳ್ತಾ? ಅಷ್ಟು ಸೀಸ ಬಿದ್ರೆ ಮನೆಯೇ ಅದುರ್ಬೇಕು. ನಾನು ಬೆಣೆ ಬಡಿದದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಬಡಿದಿಲ್ಲ ಅಂತಾದ್ರೆ ಹೇಳಿ. ನಂಗೆ ಮರೆವು ಬಂದದ್ದು ಹೌದು ಅಂತ ಗೊತ್ತಾದ್ರೆ ಈ ಕೆಲಸ ಇವತ್ತೇ ಬಿಡ್ತೇನೆ."

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಕರಿಬಸಪ್ಪ ಬರೆಯುತ್ತ ಕೂತಿದ್ದ. ಲೇಖನಿಯ ಕರಕರ ನಿಂತದ್ದು ಗುರುಸಿದ್ದಮ್ಮನಿಗೆ ಗೊತ್ತಾಯಿತು. ಕುರ್ಚಿ ಹಿಂದಕ್ಕೆ ಸರಿಯುತ್ತದೆಂದು ಕಾದಳು. ಎದ್ದು ಬರುತ್ತಾನೆ, ಬಾಗಿಲಲ್ಲಿ ನಿಂತು ಒಂದು ಮಾತು ಹೇಳುತ್ತಾನೆ ಎಂದು ಕಾದಳು. ಮಾಯಿಲಪ್ಪನ ಕಣ್ಣು ಅವಳ ಮೇಲಿತ್ತು, ಕೆಂಚಿಯ ಕಣ್ಣು ನೆಲದ ಮೇಲೆ. ಕುರ್ಚಿ ಸರಿಯಲಿಲ್ಲ.

"ನೀವು ಬಡಿದೇ ಹೋಗಿದ್ರಿ ಮಾಯಿಲಪ್ಪಣ್ಣ," ಎಂದಳು. "ಬೀಳಿಸಿದ್ದು ನಾನು."

ಮಾಯಿಲಪ್ಪ ಯಂತ್ರ ಹಿಡಿದು ಎದ್ದು ನಿಂತ.

"ಒಂದು ತಪ್ಪು ಕಣ್ಣಿಗೆ ಬಿದ್ದಿತ್ತು, ಬೆಳಗಾಗೋದ್ರೊಳಗೆ ತಿದ್ದೋಣ ಅಂತ ಎದ್ದು ಹೋದೆ. ಬೆಣೆ ಸಡಿಲ ಮಾಡಿ ಪುಟ ನನ್ನ ಕಡೆಗೆ ಎಳ್ಕೊಂಡೆ. ಜಾರಿತು. ನಿಮ್ಮ ಧಣಿ ನನ್ನ ಮಾನ ಉಳಿಸೋಕೆ ತಾನಾಗೇ ಬಿತ್ತು ಅಂದ್ರು." ಇಷ್ಟನ್ನೂ ಓದಿ ಹೇಳುವವಳಂತೆ ತಡವರಿಸದೆ ಹೇಳಿದಳು. ಸ್ಟಿಕ್ಕನ್ನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟ ಮಧ್ಯಾಹ್ನ ಅವಳ ಕಣ್ಣ ಮುಂದಿತ್ತು. ಹೇಳುತ್ತಿರುವುದು ಪೂರಾ ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ.

"ಒಬ್ಬರೇ ಪುಟ ಎಳೀಬಾರ್ದು ಅಂತ ಎಷ್ಟು ಸಲ ಹೇಳಿದ್ದೆ ನಾನು," ಎಂದ ಮಾಯಿಲಪ್ಪ. ಅವನ ಮುಖದಲ್ಲಿ ಮೊದಲು ಬಂದದ್ದು ಬಿಡುಗಡೆ. ಅದರ ಹಿಂದೆಯೇ ಸಿಟ್ಟು. "ಎಂಟು ದಿನ ನಾನು ಊಟ ಸರಿ ಮಾಡ್ಲಿಲ್ಲ ಅಮ್ಮ. ನೀವು ಎದುರಿಗೇ ಓಡಾಡ್ತಾ ಇದ್ರಿ. ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವ?"

"ಆಗ್ಲಿಲ್ಲ."

ಕೆಂಚಿ ಎದ್ದು ನಿಂತಳು. ಬೈಯುತ್ತಾಳೆಂದು ಗುರುಸಿದ್ದಮ್ಮ ಅಂದುಕೊಂಡಳು. ಬೈದರೆ ಸಾಕೆಂದೂ ಅಂದುಕೊಂಡಳು.

"ನಿಮ್ ಕೈಲಿ ಆಯ್ತಾ ಅವ್ವಾರೆ," ಎಂದಳು ಕೆಂಚಿ. "ನೀವೇ ಓದಿ ಯೋಳಿದ್ರಿ."

ತಂದಿಟ್ಟ ಕಾಫಿ ಲೋಟವನ್ನು ಅವಳು ಮುಟ್ಟಲಿಲ್ಲ. ಮೆಟ್ಟಿಲಿಳಿಯುವ ಮೊದಲು ಒಳಕೋಣೆಯ ಅರ್ಧ ತೆರೆದ ಬಾಗಿಲಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. "ಬುದ್ದಿಯೋರು ಬರ್ದಿದ್ರು. ಅವ್ರು ಬರ್ದೇ ಬರ್ದಿದ್ರು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮೂರ್ನಾಡಿನ ದಾರಿ ಹಿಡಿದಳು.

ಆ ದಿನ ಪೇಪರು ಅಚ್ಚಾಗಿ ಮುಗಿಯಿತು. ಮಾಯಿಲಪ್ಪ ಅವಳ ಮುಖ ನೋಡದೆ ಮನೆಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಕರಿಬಸಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವಳು ಅಕ್ಕಿ ಆರಿಸುತ್ತಿದ್ದಳು.

"ಮಾಯಿಲಪ್ಪ ಹೋದ್ನಾ?"

"ಹ್ಞೂ."

"ನೀನು ಎದ್ದಿದ್ದೆ. ಆ ರಾತ್ರಿ."

ಅವಳು ಕಲ್ಲೊಂದನ್ನು ತೆಗೆದು ಹೊರಗಿಟ್ಟಳು. ಅವನು ಚೌಕಟ್ಟಿಗೆ ಒರಗಿದ, ನೆಟ್ಟಗೆ ನಿಂತ, ಮತ್ತೆ ಒರಗಿದ. ಯಾವ ಮಾತಾದರೂ ಸರಿ, ಅವನ ಬಾಯಿಂದ ಬರಲಿ ಎಂದು ಅವಳು ಮೊರದ ಮೇಲಿನ ಕೈ ನಿಲ್ಲಿಸಿದಳು.

"ಒಳ್ಳೇದ್ ಮಾಡ್ದೆ ಕಣೆ," ಎಂದ ಅವನು, ತೀರಾ ಮೆಲ್ಲಗೆ. ಜಗಲಿಯ ಕಡೆ ಹೋದ.

ಮಾರನೆಯ ಬೆಳಿಗ್ಗೆ ಗುರುಸಿದ್ದಮ್ಮ ಸ್ನಾನ ಮಾಡಿ ಬಂದು ಕತ್ತಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತಾಗ, ಅಚ್ಚುಕೂಟದ ಮುಂದೆ ಯಾರೋ ಬಂದಿರುವುದು ಕಿಟಕಿಯಿಂದ ಕಂಡಿತು. ಕಂಬಳಿ ಹೊದ್ದ ಗಂಡಾಳು, ಮಾಕುಟ್ಟದ ಕಡೆಯ ಮರ ಕಡಿಯುವವನಿರಬೇಕು, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಎಡಿಟರು ಎದ್ದರಾ ಎಂದು ಮೆಟ್ಟಿಲ ಕೆಳಗಿನಿಂದಲೇ ಕೇಳುತ್ತಿದ್ದ. ಇಡೀ ಸೀಮೆಯಲ್ಲಿ ಇಂಥವರು ಬಂದು ಕೂರಬಹುದಾದ ಮೆಟ್ಟಿಲು ಇದೊಂದೇ. ಒಳಗಿನವನು ಎಂಥವನೆಂದು ತಿಳಿದರೆ ಇವನು ತಿರುಗಿ ಹೋಗುತ್ತಾನೆ. ಹೋಗುವುದಕ್ಕೆ ಬೇರೆ ಬಾಗಿಲಿಲ್ಲ. ಮಾಯಿಲಪ್ಪನಿಗಾಗಲಿ, ಹಬ್ಬಕ್ಕೆ ಬರುವ ತನ್ನ ತಾಯಿಗಾಗಲಿ, ಎಂದಾದರೂ ಕೆಂಚಿ ಎದುರು ಸಿಕ್ಕರೆ ಅವಳಿಗಾಗಲಿ ನಿಜ ಹೇಳುವುದಿಲ್ಲ ಎಂದು ಗುರುಸಿದ್ದಮ್ಮ ಅಲ್ಲೇ ಗಟ್ಟಿ ಮಾಡಿಕೊಂಡಳು. ಅಂಗೈಯಲ್ಲಿದ್ದ ಲಿಂಗವನ್ನು ನೋಡಿದಳು. ದಿನಾ ಅದರ ಮುಂದೆ ಮನಸ್ಸು ಬಿಚ್ಚುತ್ತಿದ್ದವಳು ಅಂದು ವಿಭೂತಿ ಇಟ್ಟು, ಪತ್ರೆ ಏರಿಸಿ, ಏನೂ ಹೇಳದೆ ಕಣ್ಣು ಮುಚ್ಚಿದಳು.